ಪ್ರಶ್ನೋತ್ತರ: ಎದ್ದು ನಿಂತರೆ ಬಿಪಿ ಬೀಳುವವರ ಕಾಯಿಲೆ

ಅಡ್ಮಿನ್: ನಮಸ್ಕಾರ. ರಾತ್ರಿ 8ರಿಂದ 9.30ರವರೆಗೆ ನರರೋಗದ ಡಾಕ್ಟ್ರು ನಮ್ಮ ಕಾಸರಗೋಡಿನ ಈ ಗುಂಪಿನಲ್ಲಿರುತ್ತಾರೆ. ವಿಷಯ ಮಲ್ಟಿಪಲ್ ಸಿಸ್ಟಮ್ ಅಟ್ರೊಫಿ, ಎಂಎಸ್‌ಎ. ಪಾರ್ಕಿನ್‌ಸನ್‌ನ ಹಾಗೆ ಕಾಣುವ, ಅದಲ್ಲದ ಕಾಯಿಲೆ. ಫಾರ್ವರ್ಡ್ ಬೇಡ, ಪ್ರಶ್ನೆ ಮಾತ್ರ.

ಮುಳ್ಳೇರಿಯದ ಮಗಳು: ಡಾಕ್ಟ್ರೇ, ಅಪ್ಪನಿಗೆ 59. ನಾಲ್ಕು ವರ್ಷದ ಹಿಂದೆ ಮೂತ್ರ ಕಟ್ಟಿತು, ಪ್ರೊಸ್ಟೇಟ್ ಅಂತ ಆಪರೇಷನ್ ಆಯ್ತು. ಆಮೇಲೆ ಸೋರುವುದು ಶುರು. ಎರಡು ವರ್ಷದಿಂದ ನಡೆ ನಿಧಾನ, ಮಾತು ತೊದಲು. ಪಾರ್ಕಿನ್‌ಸನ್ ಅಂತ ಲೆವೊಡೋಪಾ ದಿನಕ್ಕೆ ಆರು ಮಾತ್ರೆ, ಎಂತ ಗುಣವೂ ಇಲ್ಲ. ಮೊನ್ನೆ ಉಂಡು ಕೈ ತೊಳೆಯಲು ಎದ್ದವರು ಚಾವಡಿಯ ಕಂಬಕ್ಕೆ ಹಣೆ ಬಡಿದುಕೊಂಡರು. ತಲೆ ತಿರುಗುವುದಕ್ಕೆ ಸಿನ್ನಾರಿಜಿನ್ ಕೊಟ್ಟಿದ್ದಾರೆ.

ಡಾಕ್ಟ್ರು: ಮನೆಯಲ್ಲಿ ಬಿಪಿ ಯಂತ್ರ ಉಂಟಾ? ಐದು ನಿಮಿಷ ಮಲಗಿಸಿ ಒಮ್ಮೆ ನೋಡಿ. ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ನೋಡಿ. ನಾಡಿಯೂ ಬರೆಯಿರಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡಿರಲಿ. ಕಾಯುತ್ತೇನೆ.

ನೀರ್ಚಾಲು: ಸರ್, ಇದು ಮಕ್ಕಳಿಗೆ ಬರ್ತದಾ?

ಡಾಕ್ಟ್ರು: ಸಾಮಾನ್ಯವಾಗಿ ವಂಶದಲ್ಲಿ ಬರುವುದಲ್ಲ.

ಉಪ್ಪಳ: ಮಾವನ ಹಳೇ ಫೈಲಿನಲ್ಲಿ ‘ಶೈ-ಡ್ರೇಗರ್’ ಅಂತ ಉಂಟು. ಅದೂ ಇದೂ ಒಂದೆಯಾ?

ಡಾಕ್ಟ್ರು: ಒಂದೇ. 1960ರಲ್ಲಿ ಆ ಇಬ್ಬರು ವೈದ್ಯರು ಬರೆದರು. ಬೇರೆ ಬೇರೆ ಹೆಸರಿನಲ್ಲಿದ್ದ ಮೂರು ಕಾಯಿಲೆಗಳನ್ನು 1969ರಲ್ಲಿ ಒಂದೇ ಹೆಸರಿನಡಿ ತಂದರು.

ಬೇಳದವ: ಪರಿಹಾರ ಉಂಟು!! ನಸುಗುನ್ನಿ ಬೀಜದ ಪುಡಿ ಹಾಲಿನಲ್ಲಿ 21 ದಿನ, ಜೊತೆಗೆ ಸರ್ಪಗಂಧದ ಬೇರು. ನಡುಕ ಬುಡಸಮೇತ ಮಾಯ. ಹತ್ತು ಜನಕ್ಕೆ ಕಳಿಸಿ.

ಡಾಕ್ಟ್ರು: ಅಡ್ಮಿನ್, ಅಳಿಸಬೇಡಿ, ಉತ್ತರ ಕೆಳಗೇ ಇರಲಿ. ನಸುಗುನ್ನಿಯಲ್ಲಿ ಲೆವೊಡೋಪಾ ನಿಜಕ್ಕೂ ಉಂಟು, ತಕರಾರು ಅದೇ. ಚಮಚದಲ್ಲಿ ಎಷ್ಟು ಹೋಗ್ತದೆಂದು ಗೊತ್ತಾಗುವುದಿಲ್ಲ. ಮಾತ್ರೆಯೂ ತಿನ್ನುವವರ ಬಿಪಿ ಇನ್ನೂ ಕುಸಿಯುತ್ತದೆ. ಸರ್ಪಗಂಧ ಬಿಪಿ ಇಳಿಸುವುದೂ ಅಲ್ಲದೆ ಮೆದುಳಿನ ಡೋಪಮಿನ್ (ಚಲನೆಗೆ ಬೇಕಾದ ರಾಸಾಯನಿಕ, ಲೆವೊಡೋಪಾದಿಂದ ಆಗುವುದು ಇದೇ) ಬರಿದು ಮಾಡಿ ಪಾರ್ಕಿನ್‌ಸನ್ನಂಥ ಲಕ್ಷಣವನ್ನೇ ತರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಮದ್ದು. ಬಿದ್ದು ಸೊಂಟ ಮುರಿದವರನ್ನು ಆ ಹತ್ತು ಜನ ಬಂದು ಎತ್ತುವುದಿಲ್ಲ.

ಬೇಳದವ: ಆಯುರ್ವೇದ ಅಂದ್ರೆ ನಿಮಗೆ ಆಗುವುದಿಲ್ಲ ಅಲ್ವಾ.

ಡಾಕ್ಟ್ರು: ಆಯುರ್ವೇದ ಕಲಿತವರು ಬರೆದುಕೊಡಲಿ. ನೀವು ಕಲಿತಿದ್ದೀರಾ?

ಮುಳ್ಳೇರಿಯದ ಮಗಳು: ಮಲಗಿದಾಗ 164/92, ನಾಡಿ 74. ಒಂದನೇ ನಿಮಿಷ 108/66. ಮೂರನೇ ನಿಮಿಷ 90/58, ನಾಡಿ 79. ಕಣ್ಣು ಮಂಜಾಗ್ತದೆ ಅಂದರು, ಕೂರಿಸಿದೆ.

ಡಾಕ್ಟ್ರು: ಕೂರಿಸಿದ್ದು ಸರಿ. ಈಗ ಕೇಳಿ. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೇ ನಾವು ಗಮನಿಸುತ್ತೇವೆ. ನಿಮ್ಮಪ್ಪನದ್ದು 74 ಇಳಿದಿದೆ. ನನ್ನ ಕಣ್ಣು ನಿಂತದ್ದು ನಾಡಿಯ ಮೇಲೆ. ಇಷ್ಟು ಬಿದ್ದರೆ ಎದೆ ಡವಡವ ಹೊಡೆದುಕೊಳ್ಳಬೇಕಿತ್ತು. ಬರೀ ಐದು ಏರಿದೆ ಅಂದರೆ ಹೃದಯಕ್ಕೆ ಸುದ್ದಿ ಮುಟ್ಟಿಸುವ ನರಗಳೇ ಕೆಲಸ ಮಾಡ್ತಾ ಇಲ್ಲ ಎಂಬ ಅನುಮಾನ. ಮೂತ್ರದ ತೊಂದರೆ ಮೊದಲು, ನಡಿಗೆ ಆಮೇಲೆ, ಲೆವೊಡೋಪಾಕ್ಕೆ ಜಗ್ಗುವುದಿಲ್ಲ. ನೋಡದೆ ಹೆಸರಿಡುವುದಿಲ್ಲ, ಆದರೆ ಎಂಎಸ್‌ಎ ಇದೆಯೇ ಎಂದು ನೋಡಲೇಬೇಕು. ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಮೆದುಳಿನಲ್ಲಿ ಗಂಟು ಕಟ್ಟುವ ಕಾಯಿಲೆ. ನಿಲ್ಲಿಸುವ ಮದ್ದು ಇಲ್ಲ, ಮುಚ್ಚಿಡುವುದಿಲ್ಲ. ಬೀಳುವುದನ್ನು ಕಮ್ಮಿ ಮಾಡಬಹುದು.

ಸಿನ್ನಾರಿಜಿನ್ ಬರೆದವರಿಗೆ ನಾಳೆಯೇ ಫೋನ್ ಮಾಡಿ, ಅದು ಡೋಪಮಿನ್ನಿಗೆ ಅಡ್ಡ. ಪ್ರೊಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಈಗಲೂ ನುಂಗುತ್ತಿದ್ದರೆ ಅದನ್ನೂ ಹೇಳಿ, ಬಿಪಿ ಬೀಳಿಸುತ್ತದೆ. ಲೆವೊಡೋಪಾ ಮಾತ್ರ ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಡಿ. ಹಾಸಿಗೆ ಬಿಡುವ ಮೊದಲು ಅರ್ಧ ಲೀಟರ್ ನೀರು ಬೇಗ ಕುಡಿಯಲಿ, ನುಂಗುವಾಗ ಕೆಮ್ಮು ಬರದಿದ್ದರೆ ಮಾತ್ರ. ಒಂದೇ ಸಲ ಹೊಟ್ಟೆ ತುಂಬ ಉಣ್ಣುವುದು ಬೇಡ. ಕಂಬಕ್ಕೆ ಬಡಿದದ್ದು ಊಟದ ಮೇಲೆಯೇ ಅಲ್ವಾ? ಉಪ್ಪು ಹೆಚ್ಚಿಸುವುದು ಹೃದಯ, ಕಿಡ್ನಿ ನೋಡಿದ ಮೇಲೆ.

ಇನ್ನೆರಡು ಪ್ರಶ್ನೆ. ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುತ್ತಾರಾ? ಉಸಿರು ಒಳಗೆ ಎಳೆಯುವಾಗ ಕೀರಲು ಶಬ್ದ ಬರ್ತದಾ?

ಮುಳ್ಳೇರಿಯದ ಮಗಳು: ಕೂಗುವುದು ಆರೇಳು ವರ್ಷದಿಂದ ಉಂಟು, ಅಮ್ಮ ಬೇರೆ ಮಲಗ್ತಾರೆ. ಶಬ್ದ ಈಚೆಗೆ. ಅಮ್ಮ ಗೊರಕೆ ಅಂತಾರೆ.

ಡಾಕ್ಟ್ರು: ಇವತ್ತೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ನಿದ್ದೆ ಮಾತ್ರೆ ಕೊಡಬೇಡಿ.

ಪೆರ್ಲ: ಸರ್, ನಮ್ಮ ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರಲ್ಲ, ಇದು ಅದರಿಂದಲೇ ತಾನೆ?

ಡಾಕ್ಟ್ರು: ಎಂಎಸ್‌ಎಗೂ ಅದಕ್ಕೂ ಸಂಬಂಧ ಸಾಬೀತಾಗಿಲ್ಲ.

ಪೆರ್ಲ: ಸಾಬೀತು ಸಾಬೀತು ಅಂತಲೇ 2000ದವರೆಗೆ ಸುರಿದರು. ಅದರಿಂದ ನರಳಿದ ಪಡ್ರೆ ಊರಿಗೆ ಬಂದು ಹೇಳಿ ಈ ಮಾತು.

ಕುಂಬಳೆ: ಎಲ್ಲದಕ್ಕೂ ಎಂಡೋಸಲ್ಫಾನ್ ಅಂದರೆ ನಿಜವಾದ ಸಂತ್ರಸ್ತರ ಪಟ್ಟಿಯೇ ಸಸಾರವಾಗ್ತದೆ.

ಪೆರ್ಲ: ನಿಮ್ಮ ಬಾವಿಗೆ ಬಿದ್ದಿದ್ದರೆ ಗೊತ್ತಾಗ್ತಿತ್ತು. ಸುಪ್ರೀಂ ಕೋರ್ಟ್ 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಅಂದದ್ದು ಸುಮ್ಮನೆಯಾ?

ಕುಂಬಳೆ: ಕೊಡಬೇಡಿ ಅಂತ ಯಾರು ಹೇಳಿದ್ದು ಮಾರಾಯ್ರೆ? ಓದಿ ಬರೆಯಿರಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮಂಜೇಶ್ವರ: ಮಂಗಳೂರಿಗೆ ಹೋಗುವುದಾ, ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆಗಾ?

ಕುಂಬಳೆ: ಮಂಗಳೂರೇ. ಕನ್ನಡದಲ್ಲಿ ಮಾತಾಡಬಹುದು.

ಪೆರ್ಲ: 2020ರಲ್ಲಿ ಕೊರೋನಾ ಹೊತ್ತಿಗೆ ಕರ್ನಾಟಕದವರು ತಲಪಾಡಿ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದದ್ದು ಮರೆತುಹೋಯಿತಾ?

ಡಾಕ್ಟ್ರು: ಮೊದಲು ಹತ್ತಿರದ ನರರೋಗ ತಜ್ಞರು, ಎಂಆರ್‌ಐ. ಆಮೇಲೆ ಊರಿನ ಜಗಳ. ಪಂಚಾಯತಿನ ಪಾಲಿಯೇಟಿವ್ (ಗುಣವಾಗದ ಕಾಯಿಲೆಯವರ ಆರೈಕೆಯ) ನರ್ಸ್ ಮನೆಗೇ ಬರುತ್ತಾರೆ, ಕೇರಳದಲ್ಲಿರುವ ಈ ಅನುಕೂಲ ಬಿಡಬೇಡಿ.

ಮಧೂರು: ಅಣ್ಣ ಕುಡಿದವರ ಹಾಗೆ ವಾಲಾಡ್ತಾನೆ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ, ಊರಿನವರು ಏನೇನೋ ಹೇಳ್ತಾರೆ. ಇದೂ ಎಂಎಸ್‌ಎಯಾ?

ಅಡೂರು: ಸರ್, ವಂಶದಲ್ಲಿ ಬರ್ತದಾ?

ಡಾಕ್ಟ್ರು: ಮೇಲೆ ಓದಿ.

ಬದಿಯಡ್ಕ: ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟು ಸರ್?

ಡಾಕ್ಟ್ರು: ಮೂರನೇ ಸಲ. ಸಾಮಾನ್ಯವಾಗಿ ಇಲ್ಲ.

ಬೇಳದವ: ನಿಂಬೆರಸ ಮತ್ತು ಬೆಳ್ಳುಳ್ಳಿ...

ಡಾಕ್ಟ್ರು: ಇವರನ್ನು ತೆಗೆಯಿರಿ, ಇಲ್ಲ ನಾನು ಹೋಗುತ್ತೇನೆ.

ಬೇಳದವ: ಹೋಗಿ, ಯಾರು ಹಿಡಿದಿದ್ದಾರೆ?

ಅಡ್ಮಿನ್: ಬೇಳದವರನ್ನು ತೆಗೆದಿದ್ದೇನೆ. ಇವತ್ತಿಗೆ ಸಾಕು, ಗುಂಪು ಮುಚ್ಚುತ್ತೇನೆ.

ಮಧೂರು: ಸರ್, ನನ್ನ ಪ್ರಶ್ನೆ ಉಳಿಯಿತು.

(ಮರುದಿನ ಬೆಳಿಗ್ಗೆ)

ಮುಳ್ಳೇರಿಯದ ಮಗಳು: ಡಾಕ್ಟ್ರೇ, ರೆಕಾರ್ಡ್ ಮಾಡಿದ್ದು ನಿಮಗೆ ಕಳಿಸಿದ್ದೇನೆ. ರಾತ್ರಿ ಎರಡು ಗಂಟೆ ಹೊತ್ತಿನದ್ದು.

ಡಾಕ್ಟ್ರು: ಕೇಳಿದೆ. ಗೊರಕೆ ಅಲ್ಲ. ಧ್ವನಿಪೆಟ್ಟಿಗೆ ತೆರೆದುಕೊಳ್ಳದಾಗ ಬರುವ ಶಬ್ದದ ಹಾಗಿದೆ, ರಾತ್ರಿ ಉಸಿರೇ ನಿಲ್ಲಬಹುದು. ಇವತ್ತೇ ಹೊರಡಿ. ಇಎನ್‌ಟಿ, ನರರೋಗ ಎರಡೂ ಇರುವ ಆಸ್ಪತ್ರೆಗೆ. ರೆಕಾರ್ಡ್, ಬಿಪಿ ಬರೆದ ಚೀಟಿ ತೆಗೆದುಕೊಂಡು ಹೋಗಿ. ಕಾರಿನಿಂದ ಇಳಿಸುವಾಗ ಸೀಟಿನಲ್ಲೇ ಎರಡು ನಿಮಿಷ ಕಾಲು ಆಡಿಸಲಿ, ಆಮೇಲೆ ನಿಲ್ಲಿಸಿ.