ಗ್ರಹಗಳ ಸಿಮ್ಯುಲೇಶನ್: ಡಿಕ್ಕಿಯಾದ ಕಾಯಗಳನ್ನು ಸುಮ್ನೆ ಕೂಡಿಸಿದರೆ ಸಾಕಾ?

ಪ್ರಶ್ನೆ: ರಿಬೌಂಡ್‌ನಲ್ಲಿ (ಗುರುತ್ವದಿಂದ ಕಾಯಗಳು ಹೇಗೆ ಚಲಿಸುತ್ತವೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್) ಚಂದ್ರನಷ್ಟು ತೂಕದ 100 ಕಾಯಗಳನ್ನು ಬಿಟ್ಟು ಓಡಿಸುತ್ತಿದ್ದೇನೆ. ಎರಡು ಮುಟ್ಟಿದ ಕೂಡಲೇ ಒಂದಾಗಿಸುತ್ತೇನೆ. ಸಂವೇಗ ಸರಿಯಾಗಿ ಉಳಿಯುತ್ತೆ, ಆದರೆ ಪ್ರತಿ ಡಿಕ್ಕಿಗೂ ಒಟ್ಟು ಶಕ್ತಿ ಇಳಿಯುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ 1: ತಪ್ಪಿಲ್ಲ. ಅಂಟಿಕೊಂಡಾಗ ಚಲನೆಯ ಶಕ್ತಿ ಶಾಖವಾಗುತ್ತೆ, ಅಲ್ವಾ? ಆ ನಷ್ಟವನ್ನು ಬೇರೆಯಾಗಿ ಲೆಕ್ಕ ಇಡಿ, ಆಗಷ್ಟೇ ಇಂಟಿಗ್ರೇಟರ್‌ನ (ಹೆಜ್ಜೆ ಹೆಜ್ಜೆಯಾಗಿ ಚಲನೆ ಲೆಕ್ಕ ಹಾಕುವ ಭಾಗ) ನಿಜವಾದ ದೋಷ ಕಾಣುತ್ತೆ.

ಉತ್ತರ 2: ನನಗೆ ಚಿಂತೆ ಇರುವುದು ಆ ಕೂಡಿಸುವುದರ ಬಗ್ಗೆಯೇ. ಡಿಕ್ಕಿಯ ವೇಗವನ್ನು ಎರಡೂ ಕಾಯಗಳ ಪರಸ್ಪರ ವಿಮೋಚನಾ ವೇಗದ (ಮುಟ್ಟಿಕೊಂಡಿರುವ ಎರಡು ಕಾಯಗಳು ಒಂದರ ಸೆಳೆತದಿಂದ ಇನ್ನೊಂದು ತಪ್ಪಿಸಿಕೊಳ್ಳಲು ಬೇಕಾದ ವೇಗ) ಜೊತೆ ಹೋಲಿಸಿ ನೋಡಿ. ಹತ್ತತ್ತಿರ ಇದ್ದರೆ ಕೂಡಿಸಬಹುದು. ಅದಕ್ಕಿಂತ ಜಾಸ್ತಿ ಇದ್ದು ಓರೆಯಾಗಿ ಸವರಿದರೆ, ಎರಡೂ ಸ್ವಲ್ಪ ಚೂರು ಉದುರಿಸಿ ತಮ್ಮ ದಾರಿ ಹಿಡಿದು ಹೋಗುತ್ತವೆ. ಇನ್ನೂ ಜಾಸ್ತಿಯಾದರೆ ಪುಡಿಪುಡಿ. ಲೈನ್‌ಹಾರ್ಟ್ ಮತ್ತು ಸ್ಟೀವರ್ಟ್ ಅನ್ನೋ ವಿಜ್ಞಾನಿಗಳು 2012ರಲ್ಲಿ ಇದಕ್ಕೆಲ್ಲ ಸೂತ್ರ ಕೊಟ್ಟಿದ್ದಾರೆ, ಬಳಸಿ. ಚೂರುಗಳಿಗೆ ಒಂದು ಕನಿಷ್ಠ ತೂಕ ಇಡಲೇಬೇಕು, ಇಲ್ಲದಿದ್ದರೆ ಸಂಖ್ಯೆ ಏರಿ ಕೋಡ್ ತೆವಳುತ್ತೆ.

ಉತ್ತರ 3: ಟೈಮ್‌ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ) ಕೂಡ ನೋಡಿ. ಒಂದೇ ಹೆಜ್ಜೆಯಲ್ಲಿ ಕಾಯ ತನ್ನ ಗಾತ್ರಕ್ಕಿಂತ ದೂರ ಜಿಗಿದರೆ ಡಿಕ್ಕಿ ಗೊತ್ತಾಗದೇ ಹೋಗಬಹುದು.

ಪ್ರಶ್ನೆ ಕೇಳಿದವರು: ಲಾಗ್ ತೆಗೆದೆ. ಒಂದು ಡಿಕ್ಕಿಯಲ್ಲಿ ವೇಗ ವಿಮೋಚನಾ ವೇಗದ 1.8 ಪಟ್ಟು, ಕೋನ 60 ಡಿಗ್ರಿ (ನೇರ ಡಿಕ್ಕಿ ಅಂದರೆ 0). ಅದನ್ನೂ ಕೂಡಿಸಿಬಿಟ್ಟಿದ್ದೆ! ತುಂಬಾ ಥ್ಯಾಂಕ್ಸ್, ಇವತ್ತೇ ಮತ್ತೆ ಓಡಿಸುತ್ತೇನೆ.