ಶೀತಲಗೃಹದ ಬಾಗಿಲು ಮತ್ತು ಕಿಟಕಿಯ ಸುತ್ತ ಇನ್ಸುಲೇಷನ್: ರೆವಿಟ್ ಮಾದರಿಯಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ

ಮಾನ್ಯರೇ, ಹಾಸನದ ಹೊರವಲಯದಲ್ಲಿ ಬಿತ್ತನೆ ಆಲೂಗಡ್ಡೆ ಇಡುವ ಸಣ್ಣ ಶೀತಲಗೃಹವೊಂದರ ನಕ್ಷೆಯನ್ನು ರೆವಿಟ್‌ನಲ್ಲಿ (ಕಟ್ಟಡದ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶ) ಸಿದ್ಧಪಡಿಸುತ್ತಿದ್ದೇನೆ. ಹೊರಗಿನಿಂದ ಒಳಕ್ಕೆ ಗಾರೆ, 200 ಮಿ.ಮೀ. ಸಿಮೆಂಟ್ ಬ್ಲಾಕ್, ಆವಿ ತಡೆಯುವ ಹಾಳೆ, 100 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಪಾಲಿಸ್ಟೈರೀನ್ ಫೋಮ್), ಕೊನೆಗೆ ಒಳಮುಖದ ಶೀಟು ಬರುತ್ತದೆ. ಒಳಗಿನ ತಾಪಮಾನವನ್ನು 3 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾಗಿದೆ. ಬಾಗಿಲಿನ ಮತ್ತು ದಾಸ್ತಾನು ನೋಡುವ ಕಿಟಕಿಯ ಚೌಕಟ್ಟುಗಳನ್ನು ಗೋಡೆಯ ಹೊರಮುಖಕ್ಕೆ ಸಮನಾಗಿ ಕೂರಿಸಲಾಗಿದೆ.

ಮಾದರಿಯಲ್ಲಿ ಎಕ್ಸ್‌ಪಿಎಸ್ ಪದರವು ತೆರಪಿನ ಅಂಚಿನಲ್ಲಿ ಕಡಿದಂತೆ ನಿಂತುಬಿಡುತ್ತದೆ, ಬ್ಲಾಕಿನ ಪಕ್ಕೆ ಬೆತ್ತಲಾಗಿ ಉಳಿಯುತ್ತದೆ. ಪದರವನ್ನು ಚೌಕಟ್ಟಿನವರೆಗೆ ತಿರುಗಿಸಿ ತರುವುದು ಹೇಗೆ? ಪ್ರಮಾಣಪಟ್ಟಿಯಲ್ಲೂ ಆ ತುಂಡುಗಳು ಲೆಕ್ಕಕ್ಕೆ ಸಿಗಬೇಕು.

ಉತ್ತರ 1

ಗೋಡೆಯ ರಚನೆಯನ್ನು ತೆರೆದು, ಎಕ್ಸ್‌ಪಿಎಸ್ ಪದರವು ಕೋರ್ ಬೌಂಡರಿಯ (ಗೋಡೆಯ ಮುಖ್ಯ ತಿರುಳನ್ನು ಗುರುತಿಸುವ ಗಡಿ) ಹೊರಗಿದೆಯೇ ಎಂದು ಮೊದಲು ನೋಡಿ. ಆ ಗಡಿಯೊಳಗಿನ ಪದರಗಳು ಸಾಮಾನ್ಯವಾಗಿ ತಿರುಗುವುದಿಲ್ಲ. ಬ್ಲಾಕನ್ನು ಮಾತ್ರ ಗಡಿಯೊಳಗೆ ಉಳಿಸಿ, ಎಕ್ಸ್‌ಪಿಎಸ್ ಸಾಲಿನಲ್ಲಿ ‘ರ್ಯಾಪ್ಸ್’ ಗುರುತು ಹಾಕಿ, ‘ರ್ಯಾಪಿಂಗ್ ಅಟ್ ಇನ್ಸರ್ಟ್ಸ್’ (ಬಾಗಿಲು-ಕಿಟಕಿಗಳ ಬಳಿ ಪದರ ತಿರುಗುವುದು) ಎಂಬಲ್ಲಿ ‘ಇಂಟೀರಿಯರ್’ ಆರಿಸಿ. ಅನಂತರ ಬಾಗಿಲಿನ ಫ್ಯಾಮಿಲಿಯನ್ನು (ಮಾದರಿಯಲ್ಲಿ ಮತ್ತೆ ಮತ್ತೆ ಬಳಸುವ ಘಟಕದ ಕಡತ) ತೆರೆದು, ಚೌಕಟ್ಟಿನ ಒಳಮುಖದ ರೆಫರೆನ್ಸ್ ಪ್ಲೇನ್‌ಗೆ (ಅಳತೆಗೆ ಆಧಾರವಾಗುವ ಸಮತಲ) ‘ವಾಲ್ ಕ್ಲೋಷರ್’ ಗುಣ ಕೊಟ್ಟರೆ ಪದರವು ಅಲ್ಲಿಯವರೆಗೆ ಬಂದು ನಿಲ್ಲುತ್ತದೆ.

ಆದರೆ ನಾನು ಬಳಸುವ ಆವೃತ್ತಿಯಲ್ಲಿ ಈ ತಿರುವು ಪ್ಲ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಸೆಕ್ಷನ್ (ಲಂಬ ಛೇದನೋಟ) ಕತ್ತರಿಸಿದರೆ ಲಿಂಟಲ್ ಅಡಿಯಲ್ಲೂ ಕಿಟಕಿಯ ತಳದಲ್ಲೂ ಏನೂ ಇರುವುದಿಲ್ಲ. ಆದ್ದರಿಂದ ಇಂಥ ಕಟ್ಟಡಕ್ಕೆ ಆ ಸೌಲಭ್ಯವನ್ನು ನೆಚ್ಚಿಕೊಳ್ಳದೆ, ಫ್ಯಾಮಿಲಿಯೊಳಗೇ ಇನ್ಸುಲೇಷನ್ ಉಂಗುರವೊಂದನ್ನು ಘನರೂಪವಾಗಿ ಕಟ್ಟುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಗೋಡೆಯನ್ನು ಕತ್ತರಿಸುವ ತೆರಪನ್ನು ಉಂಗುರದ ದಪ್ಪದಷ್ಟು ಪ್ರತಿ ಬದಿಯಲ್ಲೂ ಹಿಗ್ಗಿಸಿ, ಆ ದಪ್ಪವನ್ನು ಪ್ಯಾರಾಮೀಟರ್ ಮಾಡಿ, ಉಂಗುರಕ್ಕೆ ಎಕ್ಸ್‌ಪಿಎಸ್ ಸಾಮಗ್ರಿಯನ್ನೇ ಹಚ್ಚಿ. ಆಗ ಅದು ಮೆಟೀರಿಯಲ್ ಟೇಕಾಫ್‌ನಲ್ಲಿ (ಸಾಮಗ್ರಿಗಳ ಪ್ರಮಾಣಪಟ್ಟಿ) ಬರುತ್ತದೆ, ಮೇಸ್ತ್ರಿಗೆ ಬೇಕಾದ ಬ್ಲಾಕ್ ತೆರಪಿನ ನಿಜವಾದ ಅಳತೆಯೂ ನಕ್ಷೆಯಲ್ಲೇ ಸಿಗುತ್ತದೆ.

ಉತ್ತರ 2

ಮೇಲಿನ ವಿಧಾನ ಸರಿಯಾಗಿದೆ. ಆದರೆ ಮಾದರಿಗೆ ಕೈಹಾಕುವ ಮೊದಲು ಚೌಕಟ್ಟು ಎಲ್ಲಿರಬೇಕೆಂಬುದನ್ನು ದಯವಿಟ್ಟು ಮರುಪರಿಶೀಲಿಸಿ. ಚೌಕಟ್ಟು ಹೊರಮುಖದಲ್ಲಿದ್ದರೆ 3 ಡಿಗ್ರಿಯ ಗಾಳಿಯು ತೆರಪಿನ ಪಕ್ಕೆಗಳನ್ನು ನೇರವಾಗಿ ತಟ್ಟುತ್ತದೆ. ಮಳೆಗಾಲದಲ್ಲಿ ಹೊರಗೆ 25 ಡಿಗ್ರಿ ಮತ್ತು ಶೇ. 85 ಆರ್ದ್ರತೆ ಇದೆ ಎಂದುಕೊಳ್ಳಿ; ಇಬ್ಬನಿ ಬಿಂದು (ಗಾಳಿಯ ತೇವ ನೀರಾಗತೊಡಗುವ ತಾಪಮಾನ) ಸುಮಾರು 22 ಡಿಗ್ರಿ. ಎಂದರೆ ಹೊರಮೈ ಮೂರು ಡಿಗ್ರಿಯಷ್ಟು ತಣ್ಣಗಾದರೂ ನೀರು ಕೂರುತ್ತದೆ. ಇನ್ಸುಲೇಷನ್ ಇಲ್ಲದ 200 ಮಿ.ಮೀ. ಕಾಂಕ್ರೀಟಿಗೆ ಒಂದೇ ದಿಕ್ಕಿನ ಸರಳ ಲೆಕ್ಕ ಹಾಕಿದರೆ ಹೊರಮೈ 17ರಿಂದ 18 ಡಿಗ್ರಿಗೆ ಇಳಿಯುತ್ತದೆ, ಚೌಕಟ್ಟಿನ ಅಂಚಿನಲ್ಲಿ ಶಾಖದ ದಾರಿ ಇನ್ನೂ ಚಿಕ್ಕದಾದ್ದರಿಂದ ಅದಕ್ಕಿಂತಲೂ ಕೆಳಕ್ಕೆ ಹೋಗುತ್ತದೆ. 25 ಮಿ.ಮೀ. ಎಕ್ಸ್‌ಪಿಎಸ್ ಸೇರಿಸಿದರೆ 22.7ರ ಹತ್ತಿರ ಬರುತ್ತದೆ, ಆದರೆ ಚೌಕಟ್ಟಿನ ಅಂಚಿನ ಈ ಪರಿಣಾಮವನ್ನು ತಾಳಿಕೊಳ್ಳುವಷ್ಟು ಅಂತರ ಅಲ್ಲಿ ಉಳಿಯುವುದಿಲ್ಲ. 50 ಮಿ.ಮೀ. ಇದ್ದರೆ 23.5 ಡಿಗ್ರಿ ಮೀರುತ್ತದೆ.

ಚೌಕಟ್ಟನ್ನು ಎಕ್ಸ್‌ಪಿಎಸ್ ಪದರದ ಸಾಲಿಗೇ ಸರಿಸಿದರೆ ಬ್ಲಾಕಿನ ಪಕ್ಕೆಯು ಬೆಚ್ಚಗಿನ ಬದಿಗೆ ಸೇರುತ್ತದೆ ಮತ್ತು ಪದರವನ್ನು ತಿರುಗಿಸುವ ಅಗತ್ಯವೇ ಇರುವುದಿಲ್ಲ. ಎಕ್ಸ್‌ಪಿಎಸ್ ಕೀಲಿನ ಭಾರ ಹೊರಲಾರದು, ಆದ್ದರಿಂದ ಬ್ಲಾಕಿಗೆ ಬಿಗಿದ ಗಟ್ಟಿ ಮರದ ಉಪಚೌಕಟ್ಟು ಬೇಕು. ಆವಿ ತಡೆಯುವ ಹಾಳೆಯನ್ನು ಆ ಉಪಚೌಕಟ್ಟಿನವರೆಗೂ ತಂದು ಅಂಟಿಸಬೇಕು. ಅಲ್ಲಿ ಸಣ್ಣ ಬಿರುಕು ಬಿಟ್ಟರೂ ತೇವವು ಎಕ್ಸ್‌ಪಿಎಸ್ ಹಿಂದೆ ಸೇರಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬಾಗಿಲನ್ನು ಒಳಕ್ಕೆ ಸರಿಸಬಹುದು. ಕಿಟಕಿಯ ಹೊರಗೆ ಕಬ್ಬಿಣದ ಜಾಲರಿ ಸೇರಿರುವುದರಿಂದ ಅದು ಇದ್ದಲ್ಲೇ ಇರಬೇಕು. ಅದಕ್ಕೆ 50 ಮಿ.ಮೀ. ಉಂಗುರ ಕೊಡುತ್ತೇನೆ. ಬಾಗಿಲಿಗೆ ಗ್ರಾನೈಟ್ ಹೊಸ್ತಿಲು ಬೇಕೆಂದು ಮಾಲೀಕರು ಹೇಳುತ್ತಿದ್ದಾರೆ. ಅದರಿಂದ ತೊಂದರೆ ಇದೆಯೇ?

ಉತ್ತರ 2

ಇದೆ. ಗ್ರಾನೈಟಿನ ಉಷ್ಣವಾಹಕತೆ ಎಕ್ಸ್‌ಪಿಎಸ್‌ನದಕ್ಕಿಂತ ನೂರು ಪಟ್ಟಿಗೆ ಸಮೀಪವಿದ್ದು, ಹೊರಗಿನಿಂದ ಒಳಗಿನವರೆಗೆ ಹಾಯ್ದ ಒಂದೇ ಕಲ್ಲು ಇಡೀ ಬಾಗಿಲಿನ ಶ್ರಮವನ್ನು ಹಾಳುಮಾಡುತ್ತದೆ. ಕಲ್ಲನ್ನು ಚೌಕಟ್ಟಿನ ಹೊರಗೇ ನಿಲ್ಲಿಸಿ, ನೆಲದ ಇನ್ಸುಲೇಷನ್ ಬಾಗಿಲಿನ ಅಡಿಗೆ ಬಂದು ಗೋಡೆಯ ಪದರವನ್ನು ಮುಟ್ಟುವಂತೆ ಮಾಡಿ. ಮಾದರಿಯಲ್ಲಿ ನೆಲವನ್ನೂ ಗೋಡೆಯನ್ನೂ ಬೇರೆಬೇರೆಯಾಗಿ ಎಳೆಯುವುದರಿಂದ ಈ ಸಂದು ಸುಲಭವಾಗಿ ಕಣ್ತಪ್ಪುತ್ತದೆ. ಬಾಗಿಲಿನ ನಡುವೆ ಒಂದು ಸೆಕ್ಷನ್ ತೆಗೆದು ನೋಡಿ. ಆ ಸೆಕ್ಷನ್ನನ್ನೇ ಆಧಾರವಾಗಿಟ್ಟುಕೊಂಡು, ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯವು ಉಚಿತವಾಗಿ ಕೊಡುವ, ಶಾಖದ ಹರಿವನ್ನು ಲೆಕ್ಕಹಾಕುವ ಥರ್ಮ್ ತಂತ್ರಾಂಶದಲ್ಲಿ ಹೊಸ್ತಿಲನ್ನೂ ಕಿಟಕಿಯ ಉಂಗುರವನ್ನೂ ಬಿಡಿಸಿದರೆ ಯಾವ ಬಿಂದು 22 ಡಿಗ್ರಿಗಿಂತ ಕೆಳಗಿಳಿಯುತ್ತದೆ ಎಂಬುದು ಕೆಲಸ ಶುರುವಾಗುವ ಮೊದಲೇ ತಿಳಿಯುತ್ತದೆ.