ಶೀರ್ಷಿಕೆಯ ಒತ್ತಕ್ಷರ ಕತ್ತರಿಸಿಹೋಗುತ್ತಿದೆ, ಓದುವಾಗ ಪುಟ ಜಿಗಿಯುತ್ತಿದೆ: ಬ್ಲಾಗ್ ವಿನ್ಯಾಸದಲ್ಲಿ ತಪ್ಪೆಲ್ಲಿ?

ಸಾಲುಗೆರೆ (ಪ್ರಶ್ನೆ)

ವರ್ಡ್‌ಪ್ರೆಸ್ ಬ್ಲಾಗು, ಉಚಿತ ಥೀಮು, ಬರಹ ಪೂರ್ತಿ ಕನ್ನಡದ್ದು. ತೊಂದರೆಗಳು ಇವು:

1. ಶೀರ್ಷಿಕೆಯಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಬಂದರೆ ಕೆಳಗಿನ ಒತ್ತು ಅರ್ಧಕ್ಕೆ ಮಾಯ. ಮುಖಪುಟದ ಕಾರ್ಡುಗಳಲ್ಲೂ ಇದೇ ಗತಿ.
2. ಫೋನಿನಲ್ಲಿ ಪುಟ ಪಕ್ಕಕ್ಕೆ ಜಾರುತ್ತೆ. ಎಲ್ಲ ಬರಹಗಳಲ್ಲೂ ಅಲ್ಲ, ಕೆಲವದರಲ್ಲಿ ಮಾತ್ರ.
3. ಓದುತ್ತಿರುವಾಗಲೇ ಸಾಲುಗಳು ಕೆಳಕ್ಕೆ ಜಿಗಿಯುತ್ತವೆ.
4. ಪೇಜ್‌ಸ್ಪೀಡ್ ಪರೀಕ್ಷೆಯಲ್ಲಿ ಎಲ್‌ಸಿಪಿ (ಮೊದಲ ಪರದೆಯ ದೊಡ್ಡ ವಸ್ತು ಮೂಡಲು ಹಿಡಿಯುವ ಹೊತ್ತು) 7.8 ಸೆಕೆಂಡು, ಸಿಎಲ್‌ಎಸ್ (ಪುಟ ಎಷ್ಟು ಜಿಗಿಯುತ್ತೆ ಅನ್ನುವ ಅಂಕ) 0.34. ಲೇಜಿ ಲೋಡ್ (ಚಿತ್ರವನ್ನು ಬೇಕಾದಾಗ ಮಾತ್ರ ತರಿಸುವ) ಪ್ಲಗಿನ್ ಹಾಕಿದ ಮೇಲೆ ಎಲ್‌ಸಿಪಿ ಇನ್ನೂ ಹೆಚ್ಚಿತು!
5. ಅಕ್ಷರ ಮಂಕಾಗಿದೆ, ಓದಲು ಕಷ್ಟ ಅಂತ ಓದುಗರ ದೂರು. ಪಠ್ಯದ ಬಣ್ಣ #999999, ಹಿನ್ನೆಲೆ ಬಿಳಿ.

ಥೀಮ್ ಬದಲಿಸಿದರೆ ಎಲ್ಲ ಒಟ್ಟಿಗೆ ಸರಿಹೋಗುತ್ತಾ?

---

ಒತ್ತುಸುಳಿ

ಥೀಮ್ ಬದಲಿಸಬೇಡಿ. ಹೊಸ ಥೀಮೂ ಇಂಗ್ಲಿಷ್ ಅಕ್ಷರದ ಅಳತೆಗೇ ಹೊಲಿದದ್ದಾಗಿರುತ್ತೆ, ಒಂದನೇ ತೊಂದರೆ ಅಲ್ಲೂ ಕಾದಿರುತ್ತೆ. ಹತ್ತಿಪ್ಪತ್ತು ಸಾಲು ಸಿಎಸ್‌ಎಸ್‌ನಲ್ಲಿ (ಪುಟದ ರೂಪ ಹೇಳುವ ಕೋಡು) ಮುಗಿಯುವ ಕೆಲಸ ಇದು.

ಸಿಎಸ್‌ಎಸ್ ಹಾಕುವ ಜಾಗ: ಹಳೆಯ ಬಗೆಯ ಥೀಮಾದರೆ ‘ಅಪಿಯರೆನ್ಸ್’ನೊಳಗೆ ‘ಕಸ್ಟಮೈಸ್’, ಅದರೊಳಗೆ ‘ಅಡಿಷನಲ್ ಸಿಎಸ್‌ಎಸ್’. ಬ್ಲಾಕ್ ಥೀಮಾದರೆ ಸೈಟ್ ಎಡಿಟರ್‌ನ ‘ಸ್ಟೈಲ್ಸ್’ ಫಲಕದಲ್ಲಿ ಮೂರು ಚುಕ್ಕಿ ಒತ್ತಿದಾಗ ಅದೇ ಆಯ್ಕೆ ಸಿಗುತ್ತೆ. ಥೀಮಿನ ಸ್ವಂತ ಸ್ಟೈಲ್ ಫೈಲನ್ನು ತಿದ್ದಬೇಡಿ, ಮುಂದಿನ ಅಪ್‌ಡೇಟ್ ಬಂದ ದಿನ ಅಳಿಸಿಹೋಗುತ್ತೆ. (ಪ್ರಾಪರ್ಟಿ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ಕೋಡಿನಲ್ಲಿ ಇಂಗ್ಲಿಷ್ ಅಕ್ಷರವೇ ಬೇಕು.)

ಈಗ ಒತ್ತಿನ ವಿಷಯ. ಇಂಗ್ಲಿಷ್ ಶೀರ್ಷಿಕೆಗೆ ಲೈನ್-ಹೈಟ್ (ಒಂದು ಸಾಲಿಗೆ ಬಿಡುವ ಎತ್ತರ) 1.1 ಇಟ್ಟರೂ ನಡೆಯುತ್ತೆ, ಗೆರೆಯಿಂದ ಕೆಳಗಿಳಿಯುವ ಅಕ್ಷರ ಅಲ್ಲಿ ಕಮ್ಮಿ. ಕನ್ನಡದಲ್ಲಿ ‘ಷ್ಟ್ರ’ ಅಂದರೆ ಒಂದರ ಕೆಳಗೆ ಎರಡು ಒತ್ತು, ಮೇಲೆ ಇತ್ವವೋ ಏತ್ವವೋ ಬೇರೆ. ಅಷ್ಟು ಎತ್ತರದ ಅಕ್ಷರ 1.1ರ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ, ಹೊರಗೆ ಚಾಚುತ್ತೆ. ಪೆಟ್ಟಿಗೆಗೆ ಓವರ್‌ಫ್ಲೋ ಹಿಡನ್ ಇದ್ದರೆ ಚಾಚಿದ ಭಾಗಕ್ಕೆ ಕತ್ತರಿ. ಆದ್ದರಿಂದ:

– ಶೀರ್ಷಿಕೆಗಳಿಗೆ ಲೈನ್-ಹೈಟ್ 1.4ರಿಂದ 1.5, ಪ್ಯಾಡಿಂಗ್-ಬಾಟಮ್ (ಪೆಟ್ಟಿಗೆಯೊಳಗೆ ಕೆಳಗೆ ಬಿಡುವ ಜಾಗ) 0.25 ಇಎಮ್ (1 ಇಎಮ್ ಅಂದರೆ ಅಕ್ಷರದ ಗಾತ್ರದಷ್ಟು).
– ಲೆಟರ್-ಸ್ಪೇಸಿಂಗ್ 0. ದೊಡ್ಡ ಶೀರ್ಷಿಕೆ ಬಿಗಿಯಾಗಿ ಕಾಣಲಿ ಅಂತ ಎಷ್ಟೋ ಥೀಮುಗಳು ಇದನ್ನು ಮೈನಸ್‌ನಲ್ಲಿ ಇಟ್ಟಿರುತ್ತವೆ. ನಮ್ಮ ಒತ್ತುಗಳು ಬಲಕ್ಕೆ ಚಾಚಿಕೊಳ್ಳುವುದರಿಂದ ಪಕ್ಕದ ಅಕ್ಷರದ ಕಾಲಿಗೆ ತಗಲುತ್ತವೆ.
– ಪಠ್ಯಕ್ಕೆ ಅಕ್ಷರ ಗಾತ್ರ 18 ಪಿಕ್ಸೆಲ್ (1.125 ರೆಮ್), ಲೈನ್-ಹೈಟ್ 1.75. ಲೈನ್-ಹೈಟಿಗೆ ಪಿಕ್ಸೆಲ್ ಅಂತ ಸೇರಿಸದೆ ಬರೀ ಸಂಖ್ಯೆ ಕೊಡಿ. ‘28 ಪಿಕ್ಸೆಲ್’ ಅಂತ ಕೊಟ್ಟುಬಿಟ್ಟರೆ ಒಳಗಿರುವ ದೊಡ್ಡ ಅಕ್ಷರಕ್ಕೂ ಅದೇ 28 ಅಂಟಿಕೊಂಡು ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ.
– ಅಂಕಣದ ಮ್ಯಾಕ್ಸ್-ವಿಡ್ತ್ 34 ಇಎಮ್. ಸಾಲಿಗೆ ಸುಮಾರು ಎಂಟರಿಂದ ಹತ್ತು ಪದ ಬರುತ್ತೆ. ಇಂಗ್ಲಿಷ್ ಬ್ಲಾಗುಗಳಲ್ಲಿ ಹೇಳುವ ‘65 ಸಿಎಚ್’ ಅಳತೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಸಿಎಚ್ ಅಂದರೆ ಸೊನ್ನೆ ಅಂಕಿಯ ಅಗಲ. ಕನ್ನಡ ಅಕ್ಷರ ಅದಕ್ಕಿಂತ ಅಗಲ, ಹಾಗಾಗಿ ಲೆಕ್ಕ ತಪ್ಪುತ್ತೆ.

ಬಣ್ಣದ್ದು ಸುಲಭ. ಸಾಮಾನ್ಯ ಗಾತ್ರದ ಪಠ್ಯಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರ (ಕಾಂಟ್ರಾಸ್ಟ್) ಇರಬೇಕು ಅನ್ನುವುದು ಡಬ್ಲ್ಯೂಸಿಎಜಿ (ಜಾಲಪುಟ ಎಲ್ಲರಿಗೂ ಓದಲು ಸಿಗಲಿ ಅನ್ನುವ ಮಾರ್ಗಸೂಚಿ) ಮಾನದಂಡ. ಬಿಳಿಯ ಮೇಲೆ #999999 ಕೊಡುವುದು ಬರೀ 2.85. #777777 ಕೂಡ 4.48ಕ್ಕೆ ನಿಂತು ಕೂದಲೆಳೆಯಲ್ಲಿ ಫೇಲು. ಪಠ್ಯಕ್ಕೆ #333333 (12.6) ಇಡಿ, ದಿನಾಂಕ, ವರ್ಗ ಮುಂತಾದ ಚಿಲ್ಲರೆಗೆ #595959 (7.0) ಸಾಕು.

---

ಖಾಲಿಜಾಗ

ಮೇಲಿನದಕ್ಕೆ ಒಂದು ತಿದ್ದುಪಡಿ. ಪ್ಯಾಡಿಂಗ್-ಬಾಟಮ್ ಪರಿಹಾರ ಮುಖಪುಟದ ಕಾರ್ಡುಗಳಿಗೆ ಹೊಂದುವುದಿಲ್ಲ. ಅಲ್ಲಿ ಶೀರ್ಷಿಕೆಯನ್ನು ಎರಡೇ ಸಾಲಿಗೆ ನಿಲ್ಲಿಸಲು ಲೈನ್-ಕ್ಲ್ಯಾಂಪ್ ಇರುತ್ತೆ. ಓವರ್‌ಫ್ಲೋ ಕತ್ತರಿಸುವುದು ಪ್ಯಾಡಿಂಗಿನ ಹೊರ ಅಂಚಿನಲ್ಲಿ, ಒಳಗೆ ಅಲ್ಲ. ನೀವು ಕೊಟ್ಟ ಪ್ಯಾಡಿಂಗ್ ಜಾಗದಲ್ಲಿ ಮೂರನೇ ಸಾಲಿನ ತಲೆಕಟ್ಟು ಇಣುಕುತ್ತೆ, ನೋಡಲು ಇನ್ನೂ ಅಸಹ್ಯ. ಕಾರ್ಡಿನಲ್ಲಿ ಪ್ಯಾಡಿಂಗ್ 0 ಇಟ್ಟು ಲೈನ್-ಹೈಟನ್ನೇ 1.6ಕ್ಕೆ ಏರಿಸಿ. ಕಾರ್ಡು ಸ್ವಲ್ಪ ಎತ್ತರವಾಗುತ್ತೆ, ಆಗಲಿ ಬಿಡಿ.

ಪ್ಯಾಡಿಂಗ್ ನಿಜಕ್ಕೂ ಬೇಕಾಗುವುದು ಗ್ರೇಡಿಯಂಟ್ ಬಣ್ಣದ ಶೀರ್ಷಿಕೆಗೆ. ಅಲ್ಲಿ ಅಕ್ಷರವನ್ನು ಪಾರದರ್ಶಕ ಮಾಡಿ ಹಿಂದಿನ ಬಣ್ಣವನ್ನು ಅಕ್ಷರದಾಕಾರಕ್ಕೆ ಕತ್ತರಿಸಿರುತ್ತಾರೆ. ಬಣ್ಣ ಇರುವುದು ಪೆಟ್ಟಿಗೆಯೊಳಗೆ ಮಾತ್ರ, ಹೊರಚಾಚಿದ ಒತ್ತಿಗೆ ಬಣ್ಣವೇ ಸಿಗುವುದಿಲ್ಲ. ಓವರ್‌ಫ್ಲೋ ಇಲ್ಲದೆಯೂ ಒತ್ತು ಮಾಯವಾಗುತ್ತಿದ್ದರೆ ಇದನ್ನೇ ಅನುಮಾನಿಸಿ.

ಥೀಮಿನಲ್ಲಿ ಮೊದಲ ಅಕ್ಷರ ದೊಡ್ಡದಾಗಿ ಬರುವ ಅಲಂಕಾರ ಇದ್ದರೆ ತೆಗೆದುಬಿಡಿ. ‘ಪ್ರ’ದಿಂದ ಶುರುವಾಗುವ ಬರಹದಲ್ಲಿ ‘ಪ್’ ದೊಡ್ಡದಾಗಿ, ‘ರ’ ಚಿಕ್ಕದಾಗಿ ಒಡೆದುಕೊಳ್ಳುವ ಸಾಧ್ಯತೆ ಇದೆ. ಒಂದೊಂದೇ ಅಕ್ಷರ ಮೂಡಿಬರುವ ಟೈಪ್‌ರೈಟರ್ ಅನಿಮೇಶನ್‌ದೂ ಇದೇ ಕಥೆ, ಸ್ಕ್ರಿಪ್ಟು ಕೋಡ್ ಪಾಯಿಂಟ್ (ಅಕ್ಷರದ ಒಂದೊಂದು ತುಣುಕಿಗೆ ಇರುವ ಯುನಿಕೋಡ್ ಸಂಖ್ಯೆ) ಎಣಿಸುತ್ತದೆಯೇ ಹೊರತು ಅಕ್ಷರವನ್ನಲ್ಲ.

---

ಸಾಲುಗೆರೆ

ಒತ್ತು ಸರಿಹೋಯ್ತು, ಕಾರ್ಡಿಗೆ 1.6 ಇಟ್ಟೆ. ಆದರೆ ದಪ್ಪ ಅಕ್ಷರದ ಶೀರ್ಷಿಕೆ ಮಸಿ ಹರಡಿದ ಹಾಗೆ ಕಾಣುತ್ತೆ. ಫಾಂಟು ಟೈರೋ ಕನ್ನಡ. ಓರೆ ಅಕ್ಷರ ಹಾಕಿದ ಕಡೆ ಒಬ್ಬೊಬ್ಬರ ಫೋನಲ್ಲಿ ಒಂದೊಂದು ಥರ. ಜಸ್ಟಿಫೈ ಮಾಡಿದ ಪ್ಯಾರಾದಲ್ಲಿ ಪದಗಳ ನಡುವೆ ಓಣಿ ಬಿದ್ದಿದೆ.

---

ಒತ್ತುಸುಳಿ

ಟೈರೋ ಕನ್ನಡದಲ್ಲಿ ಇರುವುದು ಸಾಮಾನ್ಯ ತೂಕ ಮತ್ತು ಅದರ ಓರೆ ರೂಪ, ಅಷ್ಟೇ. ದಪ್ಪ ಇಲ್ಲ. ನೀವು 700 ಕೇಳಿದಾಗ ಬ್ರೌಸರು ಇದ್ದ ಅಕ್ಷರವನ್ನೇ ಉಬ್ಬಿಸಿ ಕೊಡುತ್ತೆ, ‘ಘ’, ‘ಥ’ಗಳ ಒಳಗಿನ ತೂತು ಮುಚ್ಚಿಹೋಗುತ್ತೆ. ಶೀರ್ಷಿಕೆಯ ಫಾಂಟ್-ವೇಟ್ 400 ಮಾಡಿ ಗಾತ್ರ ಹೆಚ್ಚಿಸಿ, ಇಲ್ಲವೇ ಶೀರ್ಷಿಕೆಗೆ ನೋಟೋ ಸಾನ್ಸ್ ಕನ್ನಡ ಹಾಕಿ, ಅದರಲ್ಲಿ 100ರಿಂದ 900ರವರೆಗೆ ನಿಜವಾದ ತೂಕಗಳಿವೆ. ಬಳಸುವ ತೂಕ ಎರಡೇ ಇರಲಿ, 400 ಮತ್ತು 700. ಒಂಬತ್ತನ್ನೂ ಲೋಡ್ ಮಾಡಿಸುವುದು ಬರೀ ಭಾರ.

ಓರೆ ಅಕ್ಷರ ಬಹುಪಾಲು ಕನ್ನಡ ಫಾಂಟುಗಳಲ್ಲಿ ಇಲ್ಲವೇ ಇಲ್ಲ. ಟೈರೋ ಲೋಡ್ ಆದ ಕಡೆ ನಿಜವಾದ ಓರೆ, ಆಗದ ಕಡೆ ಫೋನಿನ ಫಾಂಟನ್ನೇ ವಾಲಿಸಿದ ನಕಲಿ. ವಿಂಡೋಸ್‌ನಲ್ಲಿ ಅದು ನಿರ್ಮಲಾ ಯುಐ ಅಥವಾ ತುಂಗಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ. ಪುಸ್ತಕದ ಹೆಸರಿಗೆ ಒಂಟಿ ಉದ್ಧರಣ ಚಿಹ್ನೆ, ಒತ್ತಿ ಹೇಳಲು ದಪ್ಪ ಅಕ್ಷರ, ಇಷ್ಟು ಸಾಕು. ಫಾಂಟನ್ನು ನೀವೇ ಸಬ್‌ಸೆಟ್ ಮಾಡುತ್ತಿದ್ದರೆ (ಬೇಕಾದ ಅಕ್ಷರ ಮಾತ್ರ ಉಳಿಸಿ ಹಗುರ ಮಾಡುವುದು) ಕನ್ನಡದ ಯು+0ಸಿ80ರಿಂದ 0ಸಿಎಫ್‌ಎಫ್ ಒಂದೇ ಸಾಲದು. ಅಕ್ಷರ ಬಿಡಿಸುವ, ಬೆಸೆಯುವ ಕಾಣದ ಚಿಹ್ನೆಗಳಾದ ಝಡ್‌ಡಬ್ಲ್ಯೂಎನ್‌ಜೆ ಮತ್ತು ಝಡ್‌ಡಬ್ಲ್ಯೂಜೆ (200ಸಿ, 200ಡಿ) ಸೇರಿಸಿ, ಜೊತೆಗೆ ಒತ್ತು ಜೋಡಿಸುವ ಲೇಔಟ್ ಫೀಚರುಗಳನ್ನು ಪೂರ್ತಿ ಉಳಿಸಿ. ಅವು ಹೋದರೆ ಒತ್ತುಗಳು ಹಲಂತವಾಗಿ ಬಿಚ್ಚಿಕೊಳ್ಳುತ್ತವೆ.

ಜಸ್ಟಿಫೈ ಬೇಡ. ಕನ್ನಡದ ಪದ ಪ್ರತ್ಯಯಗಳೆಲ್ಲ ಅಂಟಿಕೊಂಡು ಉದ್ದ ಬೆಳೆಯುತ್ತೆ. ಫೋನಿನ ಸಾಲಿಗೆ ಮೂರೋ ನಾಲ್ಕೋ ಪದ ಬಂದಾಗ ಉಳಿದ ಜಾಗವನ್ನೆಲ್ಲ ಎರಡು ಮೂರು ಸಂದಿಗೆ ಹಂಚಬೇಕು, ಅದಕ್ಕೇ ಓಣಿ. ಎಡಕ್ಕೆ ಜೋಡಿಸಿ. ಓವರ್‌ಫ್ಲೋ-ರ‍್ಯಾಪ್ ಬ್ರೇಕ್-ವರ್ಡ್ ಕೊಡಿ. ವರ್ಡ್-ಬ್ರೇಕ್ ಬ್ರೇಕ್-ಆಲ್ ಕೊಡಬೇಡಿ, ಅದು ಜಾಗ ಇದ್ದರೂ ಪದವನ್ನು ಕಂಡಕಂಡಲ್ಲಿ ಮುರಿಯುತ್ತೆ.

---

ಅಡಿಗೆರೆ

ಲಿಂಕುಗಳ ಬಗ್ಗೆ ಯಾರೂ ಹೇಳಿಲ್ಲ. ಬಣ್ಣ ಒಂದನ್ನೇ ನಂಬಿ ಅಡಿಗೆರೆ ತೆಗೆದರೆ ಬಣ್ಣಗುರುಡು ಇರುವವರಿಗೆ ಲಿಂಕು ಎಲ್ಲಿದೆ ಅಂತಲೇ ಗೊತ್ತಾಗದು. ಗೆರೆ ಇಟ್ಟರೆ ಅದು ಒತ್ತುಗಳ ಮೈಮೇಲೆ ಹಾಯುತ್ತೆ, ಅಥವಾ ಬ್ರೌಸರು ಒತ್ತನ್ನು ತಪ್ಪಿಸಲು ಹೋಗಿ ಗೆರೆ ತುಂಡುತುಂಡಾಗುತ್ತೆ. ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್ 0.35 ಇಎಮ್, ದಪ್ಪ 1 ಪಿಕ್ಸೆಲ್ ಕೊಟ್ಟು ನೋಡಿ. ಎರಡು ಒತ್ತಿನ ಅಕ್ಷರಕ್ಕೆ ಅದೂ ಸಾಲದಿದ್ದರೆ ಬಾರ್ಡರ್-ಬಾಟಮ್ ಬಳಸಿ.

---

ಖಾಲಿಜಾಗ

ಇನ್ನು ಪ್ರಶ್ನೆಯ 2, 3, 4ನೇ ತೊಂದರೆ.

ಪಕ್ಕಕ್ಕೆ ಜಾರುವುದು: ಕೆಲವು ಬರಹದಲ್ಲಿ ಮಾತ್ರ ಅಂದಿರಿ, ಹಾಗಾದರೆ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸು ಅನ್ನುವ ಸೂಚನೆ) ಸರಿ ಇದೆ. (ಅದೇ ಇಲ್ಲದಿದ್ದರೆ ಫೋನು ಪುಟವನ್ನು ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲಕ್ಕೆ ಹಾಸಿ ಕುಗ್ಗಿಸಿ ತೋರಿಸುತ್ತಿತ್ತು, ಎಲ್ಲ ಬರಹವೂ ಇರುವೆ ಸಾಲಾಗುತ್ತಿತ್ತು.) ಒಳಗೆ ಯಾವುದೋ ಒಂದು ವಸ್ತು ಪರದೆಗಿಂತ ಅಗಲ ಇದೆ. ಬ್ರೌಸರಿನ ಡೆವಲಪರ್ ಟೂಲ್ಸ್‌ನಲ್ಲಿ ಅಗಲ 320 ಪಿಕ್ಸೆಲ್ ಇಟ್ಟು, ಎಲ್ಲ ಎಲಿಮೆಂಟಿಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಕೊಡಿ. ಪರದೆಯ ಅಂಚು ದಾಟಿ ನಿಂತದ್ದೇ ಕಳ್ಳ. ಬಾರ್ಡರ್ ಕೊಡಬೇಡಿ, ಅದು ಅಳತೆಯನ್ನೇ ಬದಲಿಸಿಬಿಡುತ್ತೆ.

ಸಾಮಾನ್ಯವಾಗಿ ಸಿಗುವುದು 560 × 315ರ ವಿಡಿಯೋ ಚೌಕಟ್ಟು, ಕೋಷ್ಟಕ, ಅಥವಾ ಬೋಳಾಗಿ ಅಂಟಿಸಿದ ಉದ್ದ ವಿಳಾಸ. ವಿಡಿಯೋಗೆ ಅಗಲ 100%, ಎತ್ತರ ಆಟೋ, ಆಸ್ಪೆಕ್ಟ್-ರೇಶಿಯೋ 16/9. ಕೋಷ್ಟಕವನ್ನು ಒಂದು ಡಿವ್‌ನೊಳಗೆ ಇಟ್ಟು ಆ ಡಿವ್‌ಗೆ ಓವರ್‌ಫ್ಲೋ-ಎಕ್ಸ್ ಆಟೋ. ಇಡೀ ಪುಟದ ಹೊದಿಕೆಗೆ ಓವರ್‌ಫ್ಲೋ ಹಿಡನ್ ಹಾಕಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತೆ, ಕೇಳಬೇಡಿ. ಕೋಷ್ಟಕದ ಬಲಭಾಗ ಕಾಣದಂತಾಗುತ್ತೆ, ಅಂಟಿ ನಿಲ್ಲಬೇಕಾದ ಮೆನು ಕೆಡುತ್ತೆ, ಕಳ್ಳ ಮಾತ್ರ ಒಳಗೇ ಇರುತ್ತಾನೆ.

ಜಿಗಿತ: ಚಿತ್ರಕ್ಕೆ ಎಷ್ಟು ಜಾಗ ಬಿಡಬೇಕೆಂದು ಬ್ರೌಸರಿಗೆ ಮೊದಲೇ ತಿಳಿಯದಿದ್ದರೆ ಚಿತ್ರ ಬಂದಾಗ ಕೆಳಗಿನ ಸಾಲೆಲ್ಲ ಕೆಳಕ್ಕೆ ಹೋಗುತ್ತೆ. ಚಿತ್ರದ ಟ್ಯಾಗಿನಲ್ಲಿ ವಿಡ್ತ್, ಹೈಟ್ ಎರಡೂ ಇರಬೇಕು, ಸಿಎಸ್‌ಎಸ್‌ನಲ್ಲಿ ಮ್ಯಾಕ್ಸ್-ವಿಡ್ತ್ 100%, ಹೈಟ್ ಆಟೋ. ಹೈಟ್ ಆಟೋ ಮರೆತರೆ ಚಿತ್ರ ಜಗ್ಗಿದಂತಾಗುತ್ತೆ. ಜಾಹೀರಾತಿನ ಜಾಗಕ್ಕೆ ಮಿನ್-ಹೈಟ್ ಕೊಟ್ಟು ಕಾದಿರಿಸಿ. ಕುಕೀ ಪಟ್ಟಿ ಮೇಲಿಂದ ತಳ್ಳಿಕೊಂಡು ಬರದೆ ಪರದೆಯ ತಳದಲ್ಲಿ ತೇಲಲಿ. ಸಿಎಲ್‌ಎಸ್ 0.1 ಅಥವಾ ಅದಕ್ಕಿಂತ ಕಮ್ಮಿ ಬಂದರೆ ಉತ್ತಮ.

ಎಲ್‌ಸಿಪಿ ಯಾಕೆ ಹೆಚ್ಚಿತು? ಅದು ಅಳೆಯುವುದು ಮೊದಲ ಪರದೆಯ ಅತಿ ದೊಡ್ಡ ವಸ್ತು ಎಷ್ಟು ಹೊತ್ತಿಗೆ ಮೂಡಿತು ಅಂತ. ನಿಮ್ಮಲ್ಲಿ ಅದು ಬಹುಶಃ ಬರಹದ ಮೇಲಿನ ಚಿತ್ರ. ಪ್ಲಗಿನ್ ಆ ಚಿತ್ರವನ್ನೂ ‘ಆಮೇಲೆ ತರೋಣ’ ಅನ್ನುವ ಪಟ್ಟಿಗೆ ಸೇರಿಸಿದೆ, ಅದರ ಸ್ಕ್ರಿಪ್ಟ್ ಬಂದು ಓಡುವವರೆಗೆ ಚಿತ್ರದ ಕೋರಿಕೆಯೇ ಹೋಗುವುದಿಲ್ಲ. ಪ್ಲಗಿನ್ ತೆಗೆಯಿರಿ. ವರ್ಡ್‌ಪ್ರೆಸ್ 5.5ರಿಂದಲೇ (2020) ಲೇಜಿ ಲೋಡ್ ಒಳಗೇ ಇದೆ, 5.9ರಿಂದ ಮೊದಲ ಚಿತ್ರವನ್ನು ಬಿಟ್ಟು ಹಾಕುವ ಜಾಣತನವೂ ಬಂತು, 6.3ರಲ್ಲಿ (2023) ಮುಖ್ಯ ಚಿತ್ರಕ್ಕೆ ಫೆಚ್‌ಪ್ರಯಾರಿಟಿ ಹೈ (ಇದನ್ನು ಮೊದಲು ತಾ ಅನ್ನುವ ಸೂಚನೆ) ತಾನಾಗಿ ಸೇರುತ್ತೆ. ಚಿತ್ರವನ್ನು ಸಿಎಸ್‌ಎಸ್ ಹಿನ್ನೆಲೆಯಾಗಿ ಹಾಕಿದ್ದರೆ ಮಾತ್ರ ಇದ್ಯಾವುದೂ ಅನ್ವಯಿಸದು, ಮಾಮೂಲಿ ಚಿತ್ರದ ಟ್ಯಾಗಿಗೆ ಬದಲಿಸಿ.

ಚಿತ್ರದ ಗಾತ್ರ ಎಷ್ಟಿದೆ?

---

ಸಾಲುಗೆರೆ

4000 ಪಿಕ್ಸೆಲ್ ಅಗಲದ ಪಿಎನ್‌ಜಿ, 4.2 ಎಂಬಿ.

---

ಖಾಲಿಜಾಗ

ಅಲ್ಲೇ ಇದೆ ರೋಗ. ಅಂಕಣ 612 ಪಿಕ್ಸೆಲ್ (34 × 18). ಪಿಕ್ಸೆಲ್ ಒತ್ತೊತ್ತಾದ ಪರದೆಗೆ ಎರಡರಷ್ಟು ಅಂದರೂ 1224. ಫೋಟೋವನ್ನು 1280 ಅಗಲಕ್ಕೆ ಇಳಿಸಿ ವೆಬ್‌ಪಿ ರೂಪದಲ್ಲಿ, ಗುಣಮಟ್ಟ 75–80 ಇಟ್ಟು ಉಳಿಸಿ. ಸಾಮಾನ್ಯ ಫೋಟೋ 250 ಕೆಬಿ ದಾಟಬಾರದು. ಪಿಎನ್‌ಜಿ ಇರುವುದು ರೇಖಾಚಿತ್ರಕ್ಕೆ, ಸ್ಕ್ರೀನ್‌ಶಾಟ್‌ಗೆ. ಎಲ್‌ಸಿಪಿಯ ಗುರಿ 2.5 ಸೆಕೆಂಡು.

ಪಕ್ಕದ ಪಟ್ಟಿಯಲ್ಲಿ ಕ್ಯಾಲೆಂಡರ್, ಟ್ಯಾಗ್ ಮೋಡ, ಭೇಟಿ ಎಣಿಕೆ ಇದ್ದರೆ ಅವನ್ನೂ ಕಳಿಸಿಕೊಡಿ. ಹುಡುಕು ಪೆಟ್ಟಿಗೆ, ಆರೇಳು ವರ್ಗ ಇದ್ದರಾಯಿತು.

---

ಸಾಲುಗೆರೆ

ಎಲ್‌ಸಿಪಿ 2.3, ಸಿಎಲ್‌ಎಸ್ 0.04. ಜಾರುತ್ತಿದ್ದದ್ದು ಕೋಷ್ಟಕ. ಕೊನೆಯದೊಂದು: ಬರಹದ ವಿಳಾಸ ಶೇಕಡಾ ಚಿಹ್ನೆಗಳ ಸಂತೆಯಾಗಿದೆ, ಕೆಲವು ಶೀರ್ಷಿಕೆ ಅರ್ಧಕ್ಕೇ ನಿಂತಿದೆ.

---

ಒತ್ತುಸುಳಿ

ಕನ್ನಡದ ಒಂದೊಂದು ಕೋಡ್ ಪಾಯಿಂಟಿಗೂ ಯುಟಿಎಫ್-8ರಲ್ಲಿ 3 ಬೈಟು, ವಿಳಾಸದಲ್ಲಿ ಒಂದು ಬೈಟಿಗೆ 3 ಚಿಹ್ನೆ, ಒಟ್ಟು 9. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಕೋಡ್ ಪಾಯಿಂಟು, ಅಂದರೆ 54 ಚಿಹ್ನೆ. ವರ್ಡ್‌ಪ್ರೆಸ್ ಸ್ಲಗ್‌ಗೆ (ವಿಳಾಸದಲ್ಲಿ ಬರಹವನ್ನು ಗುರುತಿಸುವ ಭಾಗ) ಇಟ್ಟಿರುವ ಮಿತಿ 200. ಹಾಗಾಗಿ 22 ಕೋಡ್ ಪಾಯಿಂಟಿಗೇ ಕತ್ತರಿ ಬೀಳುತ್ತೆ.

ಪ್ರಕಟಿಸುವ ಮೊದಲೇ ಸ್ಲಗ್ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದ ಮೂರು ನಾಲ್ಕು ಪದ, ನಡುವೆ ಅಡ್ಡಗೆರೆ ಇಟ್ಟು ಬರೆಯಿರಿ. ಈಗಾಗಲೇ ಹಂಚಿಹೋಗಿರುವ ಹಳೆಯ ಬರಹಗಳನ್ನು ಮುಟ್ಟಬೇಡಿ. ಸ್ಲಗ್ ಬದಲಿಸಿದರೆ ವರ್ಡ್‌ಪ್ರೆಸ್ ಹಳೆಯದರಿಂದ ಹೊಸದಕ್ಕೆ ತಾನೇ ದಾರಿ ತೋರಿಸುತ್ತೆ ನಿಜ, ಆದರೆ ನಿಮ್ಮದೇ ಬರಹಗಳೊಳಗಿನ ಲಿಂಕುಗಳು ಹಳೆಯ ವಿಳಾಸದಲ್ಲೇ ಉಳಿದು ಪ್ರತಿ ಸಲ ಒಂದು ಸುತ್ತು ಹೆಚ್ಚು ತಿರುಗುತ್ತವೆ. ಬದಲಿಸಲೇಬೇಕೆಂದರೆ ಅರ್ಧಕ್ಕೆ ನಿಂತವನ್ನು ಮಾತ್ರ ಬದಲಿಸಿ, ಒಳಗಿನ ಲಿಂಕುಗಳನ್ನೂ ಅದೇ ದಿನ ತಿದ್ದಿ.